ನೇರಳೆ ಪುಡಿ ಮತ್ತು ಆರು ದ್ವಾದಶಿ

ಉಪ್ಪಾರಹಳ್ಳಿ, ತುಮಕೂರು
ಭಾನುವಾರ, ಬೆಳಗ್ಗೆ

ಪ್ರೀತಿಯ ಅಲಮೇಲತ್ತೆಗೆ,

ನಿಮ್ಮ ಅಪರ್ಣಳ ನಮಸ್ಕಾರಗಳು. ಕಾಗದ ಬರೆಯುವಾಗ ಮೊದಲು ನಮ್ಮ ಕ್ಷೇಮ ಹೇಳಿ ಆಮೇಲೆ ಅವರ ಕ್ಷೇಮ ಕೇಳಬೇಕು ಅಂತ ನನಗೆ ಮೂರನೇ ಕ್ಲಾಸಿನಲ್ಲಿ ಹೇಳಿಕೊಟ್ಟವರೇ ನೀವು. ಇವತ್ತು ಹಾಗೆ ಬರೆದರೆ ಮೊದಲನೆಯದು ಸುಳ್ಳಾಗುತ್ತದೆ, ಎರಡನೆಯದು ಕೇಳಲು ನನಗೆ ಮುಖವಿಲ್ಲ. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಈ ಕಾಗದವನ್ನು ನೀವೇ ಓದಲಾರಿರಿ ಎಂದು ಗೊತ್ತು. ಬಲಗಣ್ಣಿಗೆ ಪೊರೆ, ಎಡಗಣ್ಣಿನ ಮುಂದೆ ಕಪ್ಪು ಎಳೆಗಳು ಓಡಾಡುತ್ತವೆ ಅನ್ನುತ್ತೀರಿ. ಅದಕ್ಕೇ ಹಾಳೆಗಳ ಫೋಟೋ ತೆಗೆದು ಶಮಂತನ ಮೊಬೈಲಿಗೆ ಕಳಿಸುತ್ತಿದ್ದೇನೆ. ಅವನು ನಿಮ್ಮ ಪಕ್ಕ ಕೂತು ಓದಿ ಹೇಳುತ್ತಾನೆ. ಶಮಂತ, ಇದು ನಿನ್ನ ಅಮ್ಮನಿಗೆ ಬರೆದ ಕಾಗದವಾದರೂ ನೀನೂ ಕೇಳಬೇಕಾದದ್ದು. ನೀನೊಬ್ಬನೇ ಓದಿಕೊಂಡು ಆಮೇಲೆ ಸಾರಾಂಶ ಹೇಳುವ ಜಾಣತನ ಬೇಡ. ಜೋರಾಗಿ ಓದು. ನನ್ನನ್ನು ಬೈಯಬೇಕು ಅನ್ನಿಸಿದ ಕಡೆಯೂ ನಿಲ್ಲಿಸದೆ ಓದು, ಬೈಯುವುದಕ್ಕೆ ಬೇಕಾದಷ್ಟು ಸಮಯ ಸಿಗುತ್ತದೆ.

ಗುಬ್ಬಿಗೆ ಇಲ್ಲಿಂದ ಎಷ್ಟು ಮಹಾ ದೂರ, ಬಂದೇ ಹೇಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಬಂದರೆ ನೀವು ಮೊದಲು ಕಾಫಿ ಕೊಡುತ್ತೀರಿ, ಆಮೇಲೆ ತಲೆ ಸವರುತ್ತೀರಿ, ನಾನು ಅಳುತ್ತೇನೆ, ಹೇಳಬೇಕಾದದ್ದು ಗಂಟಲಲ್ಲೇ ಉಳಿಯುತ್ತದೆ. ಫೋನಿನಲ್ಲಂತೂ "ಊಟ ಆಯ್ತೇನೇ?" ಎಂದು ಕೇಳಿಯೇ ಎಂಥ ಮಾತನ್ನಾದರೂ ಮುಗಿಸಿಬಿಡುತ್ತೀರಿ. ಕಾಗದದ ನಡುವೆ ನೀವು ಬಾಯಿ ಹಾಕಲು ಆಗುವುದಿಲ್ಲ. ಸಂಜೆಯ ಬಸ್ಸಿಗೆ ನಾನು ಬರುತ್ತೇನೆ, ಆದರೆ ಇದನ್ನು ನೀವು ಕೇಳಿ ಆದ ಮೇಲೆ.

ನಿಮ್ಮ ಫ್ರಿಜ್ಜಿನ ಬಾಗಿಲಲ್ಲಿ ಒಂಬತ್ತು ದಿನದಿಂದ ಇನ್ಸುಲಿನ್ ಕೂತಿದೆ. ಸಕ್ಕರೆ ಹೀಗೇ ಇದ್ದರೆ ಎಡಗಣ್ಣು ಉಳಿಯುವುದಿಲ್ಲ ಎಂದು ತುಮಕೂರಿನ ಕಣ್ಣಿನ ಡಾಕ್ಟರು ನಮ್ಮ ಮೂವರ ಎದುರಿಗೇ ಹೇಳಿದರು. ಆದರೂ ನೀವು "ಇನ್ನೊಂದು ಸ್ವಲ್ಪ ದಿನ ಹೋಗ್ಲಿ" ಅನ್ನುತ್ತಾ ಮುಂದಕ್ಕೆ ಹಾಕುತ್ತಲೇ ಇದ್ದೀರಿ. ಶಮಂತ ನಿಮಗೆ ಸೂಜಿಯ ಹೆದರಿಕೆ ಎಂದುಕೊಂಡಿದ್ದಾನೆ. ಹೆದರಿಕೆ ನಿಮಗಲ್ಲ. ನಿಜವಾದ ಕಾರಣ ನಾನು.

ಕಳೆದ ವರ್ಷ ಜೂನ್ ಕೊನೆಯಲ್ಲಿ ನಾವಿಬ್ಬರೂ ಕುಣಿಗಲ್ಲಿಗೆ ಹೋಗಿದ್ದೆವಲ್ಲ, ಅಲ್ಲಿಂದಲೇ ಶುರು ಮಾಡಬೇಕು. ನನ್ನ ಪಿಎಚ್.ಡಿ.ಗೆ ನೇರಳೆ ಬೀಜ ಬೇಕಿತ್ತು. ಒಂದೇ ಮರದ್ದು, ಹುಳ ಬೀಳದ್ದು, ನೆಲದ ಕೆಸರು ತಾಗದ್ದು. "ಹಣ್ಣು ಆರ್ಸೋದಕ್ಕೆ ನಿನಗೇನೇ ಬರತ್ತೆ, ನಾನೂ ಬರ್ತೀನಿ ನಡಿ" ಎಂದು ನೀವೇ ಹೊರಟಿರಿ. ಕೆರೆಯ ಕೆಳಗಿನ ಆ ತೋಟದಲ್ಲಿ ಹಳೇ ಸೀರೆ ಹಾಸಿ, ಕೊಂಬೆ ಅಲ್ಲಾಡಿಸಿ, ಒಂದೊಂದೇ ಹಣ್ಣು ಹಿಡಿದು ನೋಡಿ ಆರಿಸಿದಿರಿ. ತೋಟದವರು ನಕ್ಕೂ ನಕ್ಕೂ ಸಾಕಾದರು. "ಅಲ್ಲಾ ತಾಯಿ, ಜನ ಹಣ್ಣು ತಿಂದು ಬೀಜ ಉಗೀತಾರೆ. ನೀವು ಬೀಜ ಮಡಿಕ್ಕಂಡು ಹಣ್ಣು ನಮ್ಗೇ ಕೊಟ್ಟೋಯ್ತಾ ಇದೀರಲ್ಲ" ಎಂದರು. ನಮ್ಮ ಮನೆಯ ತಾರಸಿಯ ಮೇಲೆ ಆ ಬೀಜ ಒಣಗುವವರೆಗೂ ನೀವು ಗುಬ್ಬಿಗೆ ವಾಪಸ್ಸು ಹೋಗಲಿಲ್ಲ. ಅಳಿಲು ಓಡಿಸಲು ಕೋಲು ಹಿಡಿದು ಕೂತಿದ್ದಿರಿ, ಮೂವತ್ತು ವರ್ಷ ಪ್ರೈಮರಿ ಸ್ಕೂಲಿನ ಹುಡುಗರನ್ನು ಕಾದವರಿಗೆ ಅಳಿಲು ಯಾವ ಲೆಕ್ಕ.

ಡಿಸೆಂಬರಿನಲ್ಲಿ ನನ್ನ ಕೆಲಸ ಮೊದಲ ಸಲ ಫಲ ಕೊಟ್ಟಿತು. ನಿಮಗೆ ಹೇಗೆ ವಿವರಿಸಿದ್ದೆ ನೆನಪಿದೆಯೇ? ಗಂಜಿನೀರಿಗೆ ಒಂದು ಹನಿ ಅಯೋಡಿನ್ ಬಿದ್ದರೆ ಕಡುನೀಲಿಯಾಗುತ್ತದೆ. ಅದಕ್ಕೆ ನಮ್ಮ ಎಂಜಲಿನಲ್ಲಿ ಇರುವಂಥ ಕಿಣ್ವ ಹಾಕಿದರೆ ಗಂಜಿ ಒಡೆದು ಸಕ್ಕರೆಯಾಗಿ ನೀಲಿ ಮಾಯವಾಗುತ್ತದೆ. ನೀವು ಕೈಯಾರೆ ಆರಿಸಿದ ಬೀಜದ ಸಾರ ಸೇರಿಸಿದ ಕೊಳವೆಯಲ್ಲಿ ಮಾತ್ರ ನೀಲಿ ಹಾಗೇ ನಿಂತಿತ್ತು. ಬೀಜಕ್ಕೆ ಒಗರು ಕೊಡುವ ಟ್ಯಾನಿನ್ನು, ಎಲ್ಲಾಜಿಕ್ ಆಮ್ಲ, ಇಂಥವೆಲ್ಲ ಆ ಕಿಣ್ವವನ್ನು ಕಟ್ಟಿಹಾಕಿದ್ದವು. ಅಂದರೆ ಪಿಷ್ಟ ಸಕ್ಕರೆಯಾಗುವುದು ನಿಧಾನವಾಗಿತ್ತು. ನಾನು ಲ್ಯಾಬಿನಿಂದಲೇ ನಿಮಗೆ ಫೋನ್ ಮಾಡಿ ಕಿರುಚಿದ್ದೆ. ನೀವು ಎಲ್ಲ ಕೇಳಿಸಿಕೊಂಡು, "ಹಾಗಾದ್ರೆ ಬೀಜದ ಒಗರೇ ಔಷಧಿ ಅನ್ನು" ಎಂದಿರಿ. ನನ್ನ ಮೂರು ವರ್ಷದ ಓದನ್ನು ಒಂದೇ ಸಾಲಿಗೆ ಇಳಿಸಿಬಿಟ್ಟಿದ್ದಿರಿ.

ಅದು ಗಾಜಿನ ಕೊಳವೆ ಅತ್ತೆ. ಅದಕ್ಕೆ ಲಿವರ್ ಇಲ್ಲ, ಕಿಡ್ನಿ ಇಲ್ಲ, ಹದಿನಾಲ್ಕು ವರ್ಷದ ಸಕ್ಕರೆ ಕಾಯಿಲೆ ಇಲ್ಲ. ಇದನ್ನು ನಾನು ಅವತ್ತೇ ಹೇಳಬೇಕಿತ್ತು. ಪಾಠ ಮಾಡುವ ಕಾಲೇಜಿನಲ್ಲಿ ಮಕ್ಕಳಿಗೆ ದಿನಾ ಹೇಳುತ್ತೇನೆ, ನಿಮಗೆ ಹೇಳಲಿಲ್ಲ. ಖುಷಿಯಲ್ಲಿದ್ದೆ, ಕೊಬ್ಬು.

ಸಂಕ್ರಾಂತಿಗೆ ಎಳ್ಳು ಬೀರಲು ಬಂದಾಗ ನೀವೇ ಕೇಳಿದಿರಿ, "ಆ ಬೀಜದ ಪುಡಿ ನಂಗೂ ಒಂದು ಡಬ್ಬಿ ಕೊಡೇ, ನೋಡೋಣ" ಎಂದು. ಕೊಟ್ಟೆ. ಬೆಳಗ್ಗೆ ಒಂದು ಚಮಚ, ಮಾತ್ರೆಗಳು ಎಂದಿನಂತೆ ಎಂದೆ. ಆಗ ನೀವು ಒಂದು ಪ್ರಶ್ನೆ ಹಾಕಿದಿರಿ. "ಎರಡೂ ತಗೊಂಡ್ರೆ ಯಾವ್ದರಿಂದ ಇಳೀತು ಅಂತ ನಿಂಗೆ ಹೇಗೆ ಗೊತ್ತಾಗತ್ತೆ ಅಪ್ಪಿ?" ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ನನಗಿಂತ ನೀವೇ ದೊಡ್ಡ ಸೈಂಟಿಸ್ಟು ಕಣತ್ತೆ" ಎಂದೆ. ಮಾತ್ರೆ ಬಿಡಬೇಡಿ ಎಂದು ಮಾತ್ರ ಹೇಳಲಿಲ್ಲ. ನಿಮ್ಮ ಕಿವಿಗೆ ಆ ನಗು ಒಪ್ಪಿಗೆಯ ಹಾಗೆ ಕೇಳಿಸಿತು. ಮೇಡಂ ಪ್ರಶ್ನೆ ಸರಿಯಾಗಿದ್ದಾಗ ಉತ್ತರ ಬೇರೆ ಬೇಕೇ?

ಇಲ್ಲಿಯವರೆಗೂ ನನ್ನದು ಅಜಾಗ್ರತೆ ಎಂದು ಹೇಳಿ ತಪ್ಪಿಸಿಕೊಳ್ಳಬಹುದು. ಮುಂದಿನದಕ್ಕೆ ಆ ಹೆಸರು ಸಾಲದು. ಶಮಂತ, ಇದನ್ನು ನಿಧಾನವಾಗಿ ಓದು.

ಫೆಬ್ರವರಿಯಲ್ಲಿ ನಾನು ಗುಬ್ಬಿಗೆ ಬಂದಿದ್ದೆ. ನೀವು ಆ ತಿಂಗಳ ರಿಪೋರ್ಟು ನನ್ನ ಕೈಗೆ ಕೊಟ್ಟಿರಿ. ಮಾತ್ರೆ ನುಂಗುತ್ತಿದ್ದ ಕಾಲದಲ್ಲೂ ಖಾಲಿ ಹೊಟ್ಟೆಯ ಸಕ್ಕರೆ ನೂರ ಐವತ್ತಕ್ಕೆ ಕಡಿಮೆ ಬರುತ್ತಿರಲಿಲ್ಲ. ಜನವರಿಯಲ್ಲಿ ನೂರ ಮೂವತ್ತೆರಡು, ಈಗ ನೂರ ಇಪ್ಪತ್ತಾರು. ಕನ್ನಡಕದ ಡಬ್ಬಿ ತರಲು ನಿಮ್ಮ ಬೀರು ತೆಗೆದೆ. ಅಲ್ಲಿ ಸಕ್ಕರೆ ಮಾತ್ರೆಯ ಹಾಳೆಗಳು ರಬ್ಬರ್ ಬ್ಯಾಂಡ್ ಹಾಕಿ ಜೋಡಿಸಿಟ್ಟಿದ್ದವು, ಒಂದೂ ಒಡೆದಿರಲಿಲ್ಲ. ನೀವು ಹಿಂದೆ ಬಂದು ನಿಂತು ಪಿಸುಗುಟ್ಟಿದಿರಿ. "ಲೆಕ್ಕ ಚೊಕ್ಕವಾಗಿರ್ಲಿ ಅಂತ ನಿಲ್ಸಿದೀನಿ ಕಣೇ. ಶಮಂತನಿಗೆ ಹೇಳ್ಬೇಡ, ಮನೆ ಹಾರಿಹೋಗೋ ಹಾಗೆ ಕೂಗ್ತಾನೆ."

ನಾನು ಬೀರುವಿನ ಬಾಗಿಲು ಹಾಕಿದೆ, ಅಷ್ಟೇ. ಕೈಯಲ್ಲಿ ನೂರ ಇಪ್ಪತ್ತಾರು ಇತ್ತಲ್ಲ. ಇನ್ನೊಂದು ತಿಂಗಳು ನೋಡೋಣ ಎಂದುಕೊಂಡೆ. ಆಮೇಲೆ ಇನ್ನೊಂದು. ಹೀಗೆ ಜೂನ್ ಬಂತು. ನಿಮ್ಮ ಹೆಸರು ಬರೆಯದೆ ನೋಟ್‌ಬುಕ್ಕಿನಲ್ಲಿ ಒಂದು ಪುಟ ಮಾಡಿ ಆರು ಅಂಕಿಗಳನ್ನು ಒಂದರ ಕೆಳಗೊಂದು ಬರೆದೆ. ಏಪ್ರಿಲ್‌ನಲ್ಲಿ ನಾಲ್ಕು ಅಂಕಿ ಇದ್ದಾಗಲೇ ಕಾಲೇಜಿನ ಸೆಮಿನಾರಿನಲ್ಲಿ ಗೆರೆ ಇಳಿಯುವ ಚಿತ್ರ ತೋರಿಸಿ ಚಪ್ಪಾಳೆ ಹೊಡೆಸಿಕೊಂಡೆ. ನನ್ನ ಗೈಡು ಚನ್ನವೀರಯ್ಯ ಸರ್ ಒಂದೇ ಪ್ರಶ್ನೆ ಕೇಳಿದರು. "ಇವ್ರು ಡಾಕ್ಟ್ರ ಮಾತ್ರೆ ತಗೊಳ್ತಾ ಇದಾರೆ ತಾನೇ ಅಪರ್ಣ?" ನಾನು "ಹೌದು ಸರ್" ಎಂದೆ. ಯಾವ ಅಳುಕೂ ಇಲ್ಲದೆ ಬಂತು ಆ ಮಾತು.

ಈ ತಿಂಗಳು ಪೊರೆ ತೆಗೆಸಲು ತುಮಕೂರಿಗೆ ಬಂದಿರಿ. ಆಪರೇಷನ್ನಿಗೆ ಮುಂಚೆ ಮಾಡುವ ರಕ್ತಪರೀಕ್ಷೆಯಲ್ಲಿ ಮೂರು ತಿಂಗಳ ಸರಾಸರಿ ಹೇಳುವುದೊಂದಿದೆ. ಅದು ಏಳರೊಳಗೆ ಇರಬೇಕಾದದ್ದು ಹನ್ನೊಂದಕ್ಕೆ ಹೋಗಿತ್ತು. ಡಾಕ್ಟರು ಎಡಗಣ್ಣಿನ ಒಳಗೆ ನೋಡಿದಾಗ ಹಿಂದಿನ ಪರದೆಯ ಮೇಲೆ ರಕ್ತ ಒಸರಿತ್ತು. ಪೊರೆಯ ಆಪರೇಷನ್ ಮುಂದಕ್ಕೆ ಹೋಯಿತು. ಕಾರಿಡಾರಿನಲ್ಲಿ ಶಮಂತ ನಿಮ್ಮ ಮೇಲೆ ಹರಿಹಾಯ್ದ. "ಚೇಳೂರಿಂದ ತಂದ ಹಲಸಿನಹಣ್ಣು ಎರಡು ದಿನದಲ್ಲಿ ಹೇಗಮ್ಮ ಖಾಲಿಯಾಯ್ತು? ನಾನು ಆಫೀಸಿಗೆ ಹೋಗೋದನ್ನೇ ಕಾಯ್ತಿರ್ತೀಯ ನೀನು. ಅರವತ್ತೆಂಟು ವರ್ಷ ಆಯ್ತು, ಇನ್ನೂ ನಾಲಿಗೆ ಹಿಡಿತಕ್ಕೆ ಬರ್ಲಿಲ್ವಾ?" ಅಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ಮೂವತ್ತು ವರ್ಷ ಮೇಡಂ ಆಗಿದ್ದವರು ನೀವು. ಸೆರಗು ಸರಿಮಾಡಿಕೊಂಡು, "ತಪ್ಪಾಯ್ತು ಕಣೋ, ಎರಡು ತೊಳೆ ತಿಂದೆ" ಎಂದಿರಿ.

ಅಷ್ಟು ಬಿಟ್ಟರೆ ಉಳಿದ ಹಣ್ಣನ್ನು ಬೀದಿಗೆಲ್ಲ ಹಂಚಿದ್ದಿರಿ. ಆ ಕೆಂಪು ತೊಳೆಯಲ್ಲಿ ಇಂಥ ಬಣ್ಣ ಇದೆ, ಅಂಥ ಸತ್ವ ಇದೆ ಎಂದು ನಾನು ಫೋನಿನಲ್ಲಿ ಕೊರೆದಿದ್ದನ್ನು ಕೇಳಿ, ಪಕ್ಕದ ಮನೆಯವರಿಗೂ ಅದನ್ನೇ ಹೇಳಿ ಕೊಟ್ಟಿದ್ದಿರಂತೆ. ನಿಮ್ಮ ಸಕ್ಕರೆ ಏರಿದ್ದು ಎರಡು ತೊಳೆಯಿಂದಲ್ಲ. ಆರು ತಿಂಗಳು ಒಂದು ಮಾತ್ರೆಯೂ ಇಲ್ಲದೆ ಇದ್ದದ್ದರಿಂದ. ಅದು ಗೊತ್ತಿದ್ದವಳು ನಾನೊಬ್ಬಳೇ, ನಿಮ್ಮ ಫೈಲು ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದೆ. ನೀವು ನನ್ನ ಕಡೆ ತಿರುಗಿಯೂ ನೋಡಲಿಲ್ಲ, ನೋಡಿದರೆ ಶಮಂತನಿಗೆ ಅನುಮಾನ ಬರುತ್ತದೆ ಎಂದೇ.

ಆಗಲೂ ನನ್ನ ಬುದ್ಧಿ ನೋಡಿ. ನಿಮ್ಮ ಕಣ್ಣಿಗಿಂತ ಮೊದಲು ನನಗೆ ಚಿಂತೆಯಾದದ್ದು ಆ ಆರು ಅಂಕಿಗಳದ್ದು. ತಿಂಗಳ ರಿಪೋರ್ಟು ಅಷ್ಟು ಚೆನ್ನಾಗಿದ್ದು ಸರಾಸರಿ ಹನ್ನೊಂದು ಹೇಗೆ? ಗುಬ್ಬಿಯ ಲ್ಯಾಬಿನ ಮಿಷನ್ನೇ ಕೆಟ್ಟಿರಬೇಕು ಎಂದು ಮಾರನೇ ದಿನ ಅಲ್ಲಿಗೆ ಹೋಗಿ, ನಿಮ್ಮ ರಕ್ತ ತೆಗೆಯುವ ಅಂಜನಮೂರ್ತಿಯವರ ಮೇಲೆ ಜಗಳಕ್ಕೇ ನಿಂತೆ. ಪಾಪ, ಅವರು ನನ್ನ ಕೂಗಾಟವೆಲ್ಲ ಮುಗಿಯಲಿ ಎಂದು ಕಾದು ಹೇಳಿದರು. "ಮಿಷನ್ ಸರ್ಯಾಗೇ ಐತೆ ಮೇಡಮ್. ಈ ವರ್ಸ ಅಮ್ಮಾವ್ರು ಬರೋದೇ ಏಕಾದಸಿ ಮಾರ್ನೆ ದಿನ. ಅವ್ರು ಬಾಗ್ಲಲ್ಲಿ ಕಂಡ್ರು ಅಂದ್ರೆ ಇವತ್ತು ದ್ವಾದಸಿ ಅಂತ್ಲೇ ನಮ್ಗೆ ಲೆಕ್ಕ. ಒಂದು ದಿನ ಪೂರ್ತಿ ತೊಟ್ಟು ನೀರೂ ಕುಡೀದೆ ಬಂದೋರ್ಗೆ ಸಕ್ಕರೆ ಎಲ್ಲಿಂದ ಬತ್ತದೆ ಹೇಳಿ?"

ಗೋಡೆಯ ಮೇಲೆ ಪಂಚಾಂಗದ ಕ್ಯಾಲೆಂಡರ್ ಇತ್ತು. ರಿಪೋರ್ಟುಗಳನ್ನು ಹಿಡಿದು ಒಂದೊಂದೇ ತಾರೀಕು ನೋಡಿದೆ. ಜನವರಿ, ದ್ವಾದಶಿ. ಫೆಬ್ರವರಿ, ದ್ವಾದಶಿ. ಆರಕ್ಕೆ ಆರೂ ದ್ವಾದಶಿ ಅತ್ತೆ. ಆಗ ನೀವು ಯಾವಾಗಲೋ ಹೇಳಿದ್ದು ನೆನಪಾಯಿತು. "ಹೇಗಿದ್ರೂ ಅವತ್ತು ಖಾಲಿ ಹೊಟ್ಟೆ. ರಕ್ತ ಕೊಡೋಕೆ ಅಂತ ಇನ್ನೊಂದು ದಿನ ಬೆಳಗ್ಗೆ ಕಾಫಿ ಯಾಕೆ ತಪ್ಪಿಸಿಕೊಳ್ಳಲಿ, ಕೊಟ್ಟು ಬಂದು ಪಾರಣೆ ಮಾಡಿದ್ರಾಯ್ತು." ನಾನು ಕೇಳಿಸಿಕೊಂಡು ನಕ್ಕಿದ್ದೆ. ಮದುವೆಯಾದಾಗಿನಿಂದ ನೀವು ಒಂದು ಏಕಾದಶಿಯನ್ನೂ ಬಿಟ್ಟವರಲ್ಲ, ಅದು ನನಗೆ ಹುಟ್ಟಿದಾಗಿನಿಂದ ಗೊತ್ತು. ಮೂವತ್ತಾರು ಗಂಟೆ ಹೊಟ್ಟೆಗೆ ಏನೂ ಇಲ್ಲದಿದ್ದರೆ ಸಕ್ಕರೆ ಇಳಿಯುತ್ತದೆ ಎಂಬುದೂ ಗೊತ್ತು, ಅದನ್ನು ಪಾಠ ಮಾಡಿ ಸಂಬಳ ತೆಗೆದುಕೊಳ್ಳುತ್ತೇನೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡುವ ಮನಸ್ಸು ಮಾತ್ರ ಇರಲಿಲ್ಲ. ನೂರ ಇಪ್ಪತ್ತಾರು ಬಂದದ್ದು ನಿಮ್ಮ ಉಪವಾಸದಿಂದ. ಉಳಿದ ದಿನಗಳಲ್ಲಿ ಅದು ಎಷ್ಟಿತ್ತೋ, ನಿಮ್ಮ ಕಣ್ಣಿಗೇ ಗೊತ್ತು.

ಲ್ಯಾಬಿನಿಂದ ನಿಮ್ಮ ಮನೆ ನಾಲ್ಕೇ ಹೆಜ್ಜೆ. ಅವತ್ತು ಬಾರದೆ ಬಸ್ಸು ಹತ್ತಿದೆ, ಹೇಡಿ ನಾನು.

ಮೊನ್ನೆ ಶುಕ್ರವಾರ ಶಮಂತ ಸೋತು ನನಗೆ ಫೋನ್ ಮಾಡಿದ. "ನೀನೇ ಹೇಳೇ, ನಿನ್ನ ಮಾತು ಕೇಳ್ತಾಳೆ. ಕಾಲು ಹಿಡ್ಕೊಂಡ್ರೂ ಇನ್ಸುಲಿನ್ ಹಾಕಿಸ್ಕೊಳ್ತಿಲ್ಲ" ಎಂದ. ಹೊರಗೆ ಕೂಗಾಡುತ್ತಾನೆ, ಒಳಗೆ ನಡುಗಿಹೋಗಿದ್ದಾನೆ. ಫೋನು ನಿಮ್ಮ ಕೈಗೆ ಬಂತು. ನೀವು ಅಡಿಗೆಮನೆಗೆ ನಡೆದು, ಬಾಗಿಲು ಮುಂದೆ ಮಾಡಿ, ಮೆಲ್ಲಗೆ ಹೇಳಿದಿರಿ. "ಈಗ ಸೂಜಿ ಶುರು ಮಾಡಿದ್ರೆ ನಿನ್ನ ಪುಸ್ತಕದ ಲೆಕ್ಕ ಹಾಳಾಗಲ್ವೇನೇ? ಆರು ತಿಂಗಳು ಮಾಡಿದ್ದೀವಿ. ನಿನ್ನ ಪರೀಕ್ಷೆ ಒಂದು ಮುಗೀಲಿ, ಅಲ್ಲೀವರೆಗೂ ಹೇಗೋ ತಳ್ತೀನಿ. ನನಗೆ ಇನ್ನೊಂದು ಕಣ್ಣಿದೆಯಲ್ಲ."

ನನಗೆ ಇನ್ನೊಂದು ಕಣ್ಣಿದೆಯಲ್ಲ ಅಂದಿರಿ. ಅಬ್ಬಾ, ಎಷ್ಟು ಸಲೀಸಾಗಿ ಅಂದುಬಿಟ್ಟಿರಿ! ನಾನು ಫೋನಿಟ್ಟೆ. ಎರಡು ದಿನದಿಂದ ಅನ್ನ ಸೇರುತ್ತಿಲ್ಲ. ನಿಮ್ಮ ಮೇಲೆ ಸಿಟ್ಟೂ ಬಂತು, ಸುಳ್ಳು ಹೇಳುವುದಿಲ್ಲ. ಯಾಕೆ ಇಷ್ಟು ನಂಬುತ್ತೀರಿ ನನ್ನನ್ನು? ತಾಯಿಯಿಲ್ಲದ ಮಗು ಎಂದು ಐದು ವರ್ಷ ಸಾಕಿದಿರಿ, ಅಕ್ಷರ ತಿದ್ದಿಸಿದಿರಿ, ಸರಿ. ಅದಕ್ಕೆ ಕಣ್ಣನ್ನೂ ಕೊಡಬೇಕು ಅಂತ ಯಾರು ಹೇಳಿದರು ನಿಮಗೆ? ಸಿಟ್ಟು ಇಳಿದ ಮೇಲೆ ಉಳಿದದ್ದು ನಾಚಿಕೆ.

ಈಗ ಸರಿಯಾಗಿ ಕೇಳಿಸಿಕೊಳ್ಳಿ ಅತ್ತೆ. ಉಳಿಸಬೇಕಾದ ಲೆಕ್ಕ ಯಾವುದೂ ಇಲ್ಲ. ಆ ಪುಟದ ಮೇಲೆ ಮೂಲೆಯಿಂದ ಮೂಲೆಗೆ ಗೆರೆ ಎಳೆದು, ಕೆಳಗೆ ಯಾಕೆ ಎಂದೂ ಬರೆದಿದ್ದೇನೆ. ನಿನ್ನೆ ಚನ್ನವೀರಯ್ಯ ಸರ್ ಮನೆಗೆ ಹೋಗಿ, ನಾನು ಅವರಿಗೆ ಸುಳ್ಳು ಹೇಳಿದ್ದನ್ನೂ ಒಪ್ಪಿಕೊಂಡೆ. ಅವರು "ಮೊದಲು ಆ ತಾಯಿ ಕಣ್ಣು ನೋಡ್ಕೊ, ಮಿಕ್ಕಿದ್ದು ಸೋಮವಾರ ಮಾತಾಡೋಣ" ಎಂದರು. ಸೋಮವಾರ ಏನಾಗುತ್ತದೋ ಗೊತ್ತಿಲ್ಲ. ಪಿಎಚ್.ಡಿ. ಕೈತಪ್ಪಿದರೂ ತಪ್ಪಬಹುದು. ನೇರಳೆ ಬೀಜದಲ್ಲಿ ಗುಣವಿಲ್ಲ ಎಂದು ನಾನು ಹೇಳುತ್ತಿಲ್ಲ, ಕೊಳವೆಯಲ್ಲಿ ನಿಂತ ಆ ನೀಲಿ ಸುಳ್ಳಲ್ಲ. ಅದು ಮನುಷ್ಯರಿಗೆ ಎಷ್ಟು ಉಪಯೋಗ ಎಂದು ತಿಳಿಯಬೇಕಾದರೆ ಬಹಳ ಜನ ಬೇಕು, ಅವರೆಲ್ಲರ ಒಪ್ಪಿಗೆ ಬೇಕು, ಅವರನ್ನು ನೋಡಿಕೊಳ್ಳುವ ಡಾಕ್ಟರು ಬೇಕು. ಒಬ್ಬ ಅತ್ತೆಯನ್ನು ಇಟ್ಟುಕೊಂಡು ಮಾಡುವ ಕೆಲಸವಲ್ಲ ಅದು.

ಆ ಡಬ್ಬಿಯನ್ನು ಪಕ್ಕಕ್ಕಿಡಿ. ಇನ್ಸುಲಿನ್ ಎಷ್ಟು, ಯಾವ ಹೊತ್ತಿಗೆ ಎಂದು ಆಸ್ಪತ್ರೆಯ ಸಕ್ಕರೆ ಡಾಕ್ಟರು ಚೀಟಿಯಲ್ಲಿ ಬರೆದಿದ್ದಾರೆ, ಹಾಗೇ ಆಗಲಿ. ನಿಲ್ಲಿಸಿದ್ದ ಮಾತ್ರೆಗಳ ವಿಷಯವನ್ನು ನಾನೇ ಅವರಿಗೆ ಫೋನ್ ಮಾಡಿ ತಿಳಿಸಿದ್ದೇನೆ, ನಾಳೆ ಬೆಳಗ್ಗೆ ನಿಮ್ಮನ್ನು ಕರೆತರಲು ಹೇಳಿದ್ದಾರೆ. ಇನ್ನು ಕಷ್ಟದ ಮಾತೊಂದಿದೆ. ಇನ್ಸುಲಿನ್ ಹಾಕಿಸಿಕೊಂಡು ಹಸಿದಿದ್ದರೆ ಸಕ್ಕರೆ ಕುಸಿದು ಎಚ್ಚರ ತಪ್ಪಬಹುದು. ಡಾಕ್ಟರನ್ನು ಕೇಳದೆ ಇನ್ನು ಏಕಾದಶಿ ಬೇಡ. ಹಾಸಿಗೆ ಹಿಡಿದವರಿಗೆ, ಔಷಧಿ ತೆಗೆದುಕೊಳ್ಳುವವರಿಗೆ ವಿನಾಯಿತಿ ಇದೆಯೆಂದು ಬೇರೆಯವರಿಗೆ ಹೇಳುತ್ತಿದ್ದವರು ನೀವೇ. ದೇವರು ಕೇಳಿದರೆ ನನ್ನ ಹೆಸರು ಹೇಳಿ.

ಶಮಂತ, ಇಲ್ಲಿಯವರೆಗೂ ಓದಿದ್ದಕ್ಕೆ ನಿನಗೆ ನಮಸ್ಕಾರ. ನಿನ್ನ ಅಮ್ಮ ಏನನ್ನೂ ಕದ್ದು ತಿನ್ನಲಿಲ್ಲ. ಆಸ್ಪತ್ರೆಯಲ್ಲಿ ನೀನು ಆಡಿದ ಒಂದೊಂದು ಮಾತೂ ನನಗೆ ಸೇರಬೇಕಾದದ್ದು. ಸಂಜೆ ನಾನು ಬಂದಾಗ ಅಷ್ಟನ್ನೂ ನನಗೆ ಹೇಳು, ಅಡ್ಡ ಮಾತಾಡದೆ ಕೇಳಿಸಿಕೊಳ್ಳುತ್ತೇನೆ. ಆದರೆ ಅದಕ್ಕೆ ಮುಂಚೆ ಎದ್ದು ಅಮ್ಮನ ಹತ್ತಿರ ಹೋಗು.

ಅತ್ತೆ, ನಿಮ್ಮ ಕ್ಷಮೆ ಕೇಳುವುದಿಲ್ಲ. ಕೇಳುವ ಮೊದಲೇ ಕೊಟ್ಟಿರುತ್ತೀರಿ, ಅದು ನನಗೆ ಬೇಡ. ಬದಲಿಗೆ ಒಂದು ಕೆಲಸ ಮಾಡಿ. ಅಪ್ಪಿಯ ಪರೀಕ್ಷೆ ಮುಗಿಯಲಿ ಎಂದು ಕಾಯುತ್ತಿದ್ದಿರಲ್ಲ, ಮುಗಿಯಿತು, ಫೇಲಾದೆ. ಇನ್ನು ನೀವು ಯಾರಿಗೋಸ್ಕರವೂ ಕಾಯಬೇಕಾಗಿಲ್ಲ. ಇವತ್ತು ರಾತ್ರಿ ಊಟಕ್ಕೆ ಮುಂಚೆ, ನಿಮಗಾಗಿ ಮಾತ್ರ, ಇನ್ಸುಲಿನ್ ಹಾಕಿಸಿಕೊಳ್ಳಿ.

ಚಿಕ್ಕವರು ದೊಡ್ಡವರನ್ನು ಹರಸಬಾರದಂತೆ. ಹರಸುತ್ತೇನೆ, ಬೈಯಿರಿ ಬೇಕಾದರೆ. ನಿಮ್ಮ ಎರಡೂ ಕಣ್ಣು ನೂರು ಕಾಲ ಬಾಳಲಿ.

ನೀವು ಸಾಕಿದ,
ಅಪ್ಪಿ